ಎರಡು ಲೀಟರು ಎಂದರೆ ಎರಡೇ ಲೀಟರು

ದೇವಸಮುದ್ರದ ಒಂದು ಮನೆ ಎಂದಿಟ್ಟುಕೊಳ್ಳಿ. ಬಳ್ಳಾರಿಯ ಆಸ್ಪತ್ರೆಯಲ್ಲಿ ಹತ್ತು ದಿನ ಇದ್ದ ತಾತ ಮನೆಗೆ ಬಂದಿದ್ದಾರೆ. ಅವರ ಹಿಂದೆಯೇ ಸದಾ ಗುಂಯ್‌ಗುಡುವ ಒಂದು ಯಂತ್ರ, ಉದ್ದನೆಯ ಪೈಪು, ಬೆರಳಿಗೆ ಸಿಕ್ಕಿಸುವ ಪುಟ್ಟ ಮೀಟರು, ಡಿಸ್ಚಾರ್ಜ್ ಚೀಟಿ ಎಲ್ಲವೂ ಬಂದಿವೆ. ಚೀಟಿಯ ಕೊನೆಯಲ್ಲಿ ಡಾಕ್ಟರ ಕೈಬರಹದ ಒಂದು ಸಾಲು: ಆಕ್ಸಿಜನ್ 2 ಲೀಟರ್, ನೇಸಲ್ ಪ್ರಾಂಗ್ಸ್, ದಿನಕ್ಕೆ 16 ಗಂಟೆ, ಗುರಿ 88–92. ಮನೆಯಲ್ಲಿ ಓದಿದವರು ನೀವು. 'ಇದನ್ನ ನೀನೇ ನೋಡ್ಕೋಬೇಕು' ಎಂದು ಅವ್ವ ಚೀಟಿಯನ್ನು ನಿಮ್ಮ ಕೈಗೆ ಕೊಟ್ಟಿದ್ದಾರೆ. ಅಥವಾ ನೀವು ನರ್ಸಿಂಗ್ ಓದು ಮುಗಿಸಿ, ಚಳ್ಳಕೆರೆಯ ಯಾವುದೋ ನರ್ಸಿಂಗ್ ಹೋಮಿನಲ್ಲಿ ಮೊದಲ ರಾತ್ರಿ ಪಾಳಿಗೆ ನಿಂತಿದ್ದೀರಿ. ಕೈಯಲ್ಲಿರುವ ಕೇಸ್ ಶೀಟಿನಲ್ಲೂ ಇದೇ ಸಾಲಿದೆ.

ಇಬ್ಬರಿಗೂ ಒಟ್ಟಿಗೇ ಪಾಠ ಹೇಳುತ್ತೇನೆ. ಈ ವಿಷಯದ ಬಗ್ಗೆ ನಿಮಗೆ ಏನೂ ಗೊತ್ತಿಲ್ಲ ಎಂದುಕೊಂಡೇ ಶುರು ಮಾಡೋಣ. ಗೊತ್ತಿಲ್ಲದಿರುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 21 ಭಾಗ ಆಕ್ಸಿಜನ್, 78 ಭಾಗ ನೈಟ್ರೋಜನ್. ಶ್ವಾಸಕೋಶದೊಳಗೆ ಹೋದ ಆಕ್ಸಿಜನ್ನನ್ನು ರಕ್ತದಲ್ಲಿರುವ ಹಿಮೋಗ್ಲೋಬಿನ್ ಹೊತ್ತುಕೊಂಡು ಮೈಯೆಲ್ಲ ಹಂಚುತ್ತದೆ. ಹಿಮೋಗ್ಲೋಬಿನ್ನನ್ನು ಗಾಡಿ ಎಂದುಕೊಳ್ಳಿ. ನೂರು ಗಾಡಿಗಳಲ್ಲಿ ಎಷ್ಟು ಗಾಡಿಗಳು ತುಂಬಿಕೊಂಡು ಹೊರಟಿವೆ ಎಂಬ ಲೆಕ್ಕಕ್ಕೆ ಸ್ಯಾಚುರೇಷನ್ ಎಂದು ಹೆಸರು. ಆರೋಗ್ಯವಂತರಲ್ಲಿ ಇದು 95ರಿಂದ 100ರವರೆಗೆ ಇರುತ್ತದೆ. ಬೆರಳಿನ ಮೀಟರು, ಅಂದರೆ ಪಲ್ಸ್ ಆಕ್ಸಿಮೀಟರು, ತೋರಿಸುವ ಎರಡು ಅಂಕಿಗಳಲ್ಲಿ ಒಂದು ಇದು, ಇನ್ನೊಂದು ನಾಡಿಬಡಿತ. ಹೊಸಬರು ಎರಡನ್ನೂ ಅದಲುಬದಲು ಮಾಡಿಕೊಂಡು ಗಾಬರಿಯಾಗುವುದು ಎಷ್ಟು ಸಾಮಾನ್ಯವೆಂದರೆ, ನನ್ನ ವಿದ್ಯಾರ್ಥಿಗಳಿಗೆ ಮೊದಲ ದಿನವೇ ಹತ್ತು ಸಲ ಓದಿಸುತ್ತಿದ್ದೆ.

ಈಗ ಆ ಸಾಲಿಗೆ ಬರೋಣ. ಅದು ಸಲಹೆಯಲ್ಲ. ಬಿ.ಪಿ. ಮಾತ್ರೆ ಬರೆದಂತೆಯೇ ಡಾಕ್ಟರು ಆಕ್ಸಿಜನ್ನನ್ನೂ ಬರೆದಿದ್ದಾರೆ. ಆಸ್ಪತ್ರೆಯ ಭಾಷೆಯಲ್ಲಿ ಇದನ್ನು 'ಆರ್ಡರ್' ಎನ್ನುತ್ತಾರೆ. ಮಾತ್ರೆಗೆ ಪ್ರಮಾಣ ಇರುವಂತೆ ಇಲ್ಲಿ ಲೀಟರು ಇದೆ: ನಿಮಿಷಕ್ಕೆ ಎಷ್ಟು ಆಕ್ಸಿಜನ್ ಹರಿಯಬೇಕೆಂಬ ಲೆಕ್ಕ. ಮಾತ್ರೆಯನ್ನು ಬಾಯಿಗೋ ಸೂಜಿಯಲ್ಲೋ ಕೊಡುವಂತೆ ಇಲ್ಲಿ ಸಾಧನ ಇದೆ. ನೇಸಲ್ ಪ್ರಾಂಗ್ಸ್ ಎಂದರೆ ಮೂಗಿನ ಎರಡೂ ಹೊಳ್ಳೆಗೆ ಕೂರುವ ಪುಟ್ಟ ಕವಲಿರುವ ಪೈಪು. ಬೆಳಿಗ್ಗೆ ಒಂದು, ರಾತ್ರಿ ಒಂದು ಎಂಬಂತೆ ಇಲ್ಲಿ ಗಂಟೆಗಳಿವೆ. ಕೊನೆಯದು ಗುರಿ, ಅಂದರೆ ಸ್ಯಾಚುರೇಷನ್ ಎಷ್ಟರಿಂದ ಎಷ್ಟರೊಳಗೆ ನಿಲ್ಲಬೇಕು ಎಂಬುದು. ಈ ನಾಲ್ಕರಲ್ಲಿ ಒಂದು ಚೀಟಿಯಲ್ಲಿ ಇಲ್ಲದಿದ್ದರೂ ಆ ಆರ್ಡರ್ ಅರ್ಧವೇ. ಕೇಳಿ ಬರೆಸಿಕೊಳ್ಳುವುದು ನಿಮ್ಮ ಹಕ್ಕು. ನೀವು ನರ್ಸಾಗಿದ್ದರೆ ಅದು ನಿಮ್ಮ ಕರ್ತವ್ಯವೂ ಹೌದು.

ಗುರಿ ನೂರಕ್ಕೆ ನೂರು ಏಕಲ್ಲ, 88–92 ಏಕೆ? ಪಾಠದ ತಿರುಳು ಇದೇ. ನನಗೂ ಇದು ತಪ್ಪು ಮಾಡಿಯೇ ಅರ್ಥವಾದದ್ದು.

ಕೆಲಸಕ್ಕೆ ಸೇರಿದ ಹೊಸತು. ರಾತ್ರಿ ಪಾಳಿ. ಬೀಡಿ ಸೇದಿ ಸೇದಿ ಶ್ವಾಸಕೋಶ ಹಾಳಾದ ಒಬ್ಬ ಹಿರಿಯರು ವಾರ್ಡಿನಲ್ಲಿದ್ದರು. ಆರ್ಡರ್ 2 ಲೀಟರಿನದು. ಮೀಟರು 90 ತೋರಿಸುತ್ತಿತ್ತು. ಅವರ ಮಗಳು ಬಂದು 'ಸಿಸ್ಟರ್, ಒಂಚೂರು ಜಾಸ್ತಿ ಮಾಡಿ, ಏದುಸಿರು ಬಿಡ್ತಾ ಇದಾರೆ' ಎಂದು ಕೈ ಹಿಡಿದುಕೊಂಡಳು. ಕರುಣೆಯಿಂದ 6ಕ್ಕೆ ಏರಿಸಿದೆ. ಮೀಟರು 98 ತೋರಿಸಿತು, ಅಜ್ಜ ಶಾಂತವಾಗಿ ಮಲಗಿದರು, ಮಗಳಿಗೂ ನನಗೂ ಸಮಾಧಾನವಾಯಿತು. ಬೆಳಗಿನ ಜಾವ ಎಬ್ಬಿಸಲು ಹೋದರೆ ಏಳುತ್ತಿಲ್ಲ. ಕೂಗಿದರೆ ಕಣ್ಣು ಅರೆತೆರೆದು ಮುಚ್ಚುತ್ತಾರೆ. ಡಾಕ್ಟರು ಓಡಿ ಬಂದು ಮೊದಲು ನೋಡಿದ್ದು ರೋಗಿಯನ್ನಲ್ಲ, ಆಕ್ಸಿಜನ್ ಎಷ್ಟು ಹರಿಯುತ್ತಿದೆ ಎಂದು ತೋರಿಸುವ ಗೋಡೆಯ ಮೀಟರನ್ನು. ಅಜ್ಜ ಉಳಿದರು. ನನ್ನನ್ನು ಯಾರೂ ಬೈಯಲಿಲ್ಲ, ಆದರೆ ಆ ಬೆಳಗ್ಗೆ ನನಗೆ ಕಾಫಿ ಇಳಿಯಲಿಲ್ಲ.

ಆದದ್ದು ಇಷ್ಟು. ಉಸಿರಿಗೆ ಎರಡು ಕೆಲಸಗಳಿವೆ: ಆಕ್ಸಿಜನ್ ಒಳಗೆ ತರುವುದು, ಮೈಯಲ್ಲಿ ಹುಟ್ಟಿದ ಇಂಗಾಲದ ಡೈಆಕ್ಸೈಡನ್ನು ಹೊರಗೆ ಹಾಕುವುದು. ಬೀಡಿಯ ಹೊಗೆಯಿಂದಲೋ ಒಲೆಯ ಹೊಗೆಯಿಂದಲೋ ವರ್ಷಗಟ್ಟಲೆ ಸವೆದ ಶ್ವಾಸಕೋಶದ ಕಾಯಿಲೆಯನ್ನು ಸಿಒಪಿಡಿ ಎನ್ನುತ್ತಾರೆ. ಈ ಕಾಯಿಲೆ ಇರುವ ಕೆಲವರಲ್ಲಿ ಎರಡನೆಯ ಕೆಲಸ ಮೊದಲೇ ಕುಂಟುತ್ತಿರುತ್ತದೆ. ಅವರ ಮೈ ಒಂದು ಜಾಣತನ ಮಾಡಿಕೊಂಡಿರುತ್ತದೆ: ಹಾಳಾದ ಭಾಗಕ್ಕೆ ರಕ್ತ ಕಡಿಮೆ ಬಿಟ್ಟು, ಚೆನ್ನಾಗಿರುವ ಭಾಗಕ್ಕೆ ಹೆಚ್ಚು ಹರಿಸುತ್ತದೆ, ನೀರಿಲ್ಲದ ಕಾಲದಲ್ಲಿ ರೈತ ಒಣಗಿದ ಪಾತಿ ಬಿಟ್ಟು ಬದುಕುವ ಪಾತಿಗೆ ನೀರು ಕಟ್ಟುವಂತೆ. ಆಕ್ಸಿಜನ್ ಅತಿಯಾದಾಗ ಆ ಕಟ್ಟೆ ಒಡೆಯುತ್ತದೆ. ಹಾಳಾದ ಭಾಗಕ್ಕೂ ರಕ್ತ ಹರಿದು, ಡೈಆಕ್ಸೈಡ್ ಹೊರಬೀಳದೆ ರಕ್ತದಲ್ಲಿಯೇ ಕೂಡುತ್ತದೆ. ಆಕ್ಸಿಜನ್ ತುಂಬಿಕೊಂಡ ಹಿಮೋಗ್ಲೋಬಿನ್ ಡೈಆಕ್ಸೈಡನ್ನು ಹೊರುವುದೂ ಕಡಿಮೆ. ಜೊತೆಗೆ ಉಸಿರಿನ ವೇಗವೂ ತುಸು ತಗ್ಗುತ್ತದೆ. ನಾವು ಓದುವಾಗ ಈ ಕೊನೆಯ ಕಾರಣವೊಂದನ್ನೇ ಹೇಳಿಕೊಡುತ್ತಿದ್ದರು. ಅದು ಪೂರ್ತಿ ಕಥೆಯಲ್ಲ ಎಂಬುದು ಈಗ ಗೊತ್ತು. ಡೈಆಕ್ಸೈಡ್ ಏರಿದವರಿಗೆ ತಲೆನೋವು, ಮಂಪರು, ಮಾತಿನಲ್ಲಿ ಗೊಂದಲ, ಚಾಚಿದ ಅಂಗೈ ಹಕ್ಕಿಯ ರೆಕ್ಕೆಯಂತೆ ಪಟಪಟ ಅಲುಗುವುದು ಕಾಣಿಸುತ್ತವೆ. ಬೆರಳಿನ ಮೀಟರು ಮಾತ್ರ 98 ತೋರಿಸುತ್ತ ನಗುತ್ತಿರುತ್ತದೆ, ಏಕೆಂದರೆ ಅದಕ್ಕೆ ಡೈಆಕ್ಸೈಡ್ ಕಾಣುವುದೇ ಇಲ್ಲ.

ಇದನ್ನು ಅಳೆದು ನೋಡಿದ್ದೂ ಇದೆ. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಉಸಿರಾಟದ ತೊಂದರೆಯಿಂದ ಆಂಬ್ಯುಲೆನ್ಸ್ ಹತ್ತಿದ 405 ಜನರಲ್ಲಿ ಕೆಲವರಿಗೆ ವಾಡಿಕೆಯಂತೆ ಧಾರಾಳವಾಗಿ ಆಕ್ಸಿಜನ್ ಕೊಟ್ಟರು, ಉಳಿದವರಿಗೆ 88–92ರ ಗುರಿಯಿಟ್ಟು ಅಳೆದು ಕೊಟ್ಟರು. 2010ರಲ್ಲಿ ಫಲಿತಾಂಶ ಪ್ರಕಟವಾಯಿತು. ಧಾರಾಳದ ಗುಂಪಿನಲ್ಲಿ ನೂರಕ್ಕೆ 9 ಮಂದಿ, ಅಳತೆಯ ಗುಂಪಿನಲ್ಲಿ 4 ಮಂದಿ ತೀರಿಕೊಂಡಿದ್ದರು. ಬೇರೆ ಕಾಯಿಲೆಯವರಿಗೆ ಗುರಿ ಸಾಮಾನ್ಯವಾಗಿ 94–98. ನಿಮ್ಮ ತಾತನಿಗೆ ಯಾವುದು ಎಂದು ತೀರ್ಮಾನಿಸುವುದು ಡಾಕ್ಟರ ಕೆಲಸ. ಪಕ್ಕದ ಮನೆಯವರ ಗುರಿ ನಿಮಗೆ ಬೇಡ.

'ನಮ್ಮವ್ವ ಬೀಡಿ ಮುಟ್ಟಿದವಳಲ್ಲ, ಅವಳಿಗೇಕೆ ಈ ಕಾಯಿಲೆ?' ಎಂದು ಕೇಳುವವರಿದ್ದಾರೆ. ಸೌದೆ ಒಲೆ. ಮೈಸೂರು ಜಿಲ್ಲೆಯ ಹಳ್ಳಿಗಳಲ್ಲಿ ಧೂಮಪಾನ ಮಾಡದ ಹೆಂಗಸರನ್ನು ಅಧ್ಯಯನ ಮಾಡಿದ ವೈದ್ಯರು ಒಂದು ಸರಳ ಲೆಕ್ಕ ಬಳಸಿದರು: ದಿನಕ್ಕೆ ಒಲೆಯ ಮುಂದೆ ಕೂತ ಗಂಟೆಗಳನ್ನು ಒಟ್ಟು ವರ್ಷಗಳಿಂದ ಗುಣಿಸಿ. ಗುಣಲಬ್ಧ 60 ದಾಟಿದವರಲ್ಲಿ ಹಳೆಯ ಕೆಮ್ಮುಕಫದ ಕಾಯಿಲೆ ಎದ್ದು ಕಂಡಿತು. ದಿನಕ್ಕೆ ಮೂರು ಗಂಟೆಯಂತೆ ಇಪ್ಪತ್ತು ವರ್ಷ ಒಲೆ ಊದಿದರೆ 60 ಆಯಿತು. ನಮ್ಮ ಕಡೆಯ ಅಜ್ಜಿಯರು ಅದರ ಎರಡರಷ್ಟು, ಮೂರರಷ್ಟು ಊದಿದವರು.

ಯಂತ್ರದ ಹತ್ತಿರ ಬನ್ನಿ. ಮುಂಭಾಗದಲ್ಲಿ ಪಾರದರ್ಶಕ ಕೊಳವೆಯೊಳಗೆ ಒಂದು ಗುಂಡು ತೇಲುತ್ತದೆ. ಇದು ಫ್ಲೋ ಮೀಟರು. ಕಣ್ಣನ್ನು ಗುಂಡಿನ ಮಟ್ಟಕ್ಕೆ ತಂದು, ಗುಂಡಿನ ನಡುಭಾಗ ಯಾವ ಗೆರೆಯ ಮೇಲಿದೆ ನೋಡಿ. ನಿಂತುಕೊಂಡು ಮೇಲಿನಿಂದ ನೋಡಿದರೆ ಒಂದು ಲೆಕ್ಕ, ಬಗ್ಗಿ ನೋಡಿದರೆ ಇನ್ನೊಂದು ಲೆಕ್ಕ ಸಿಗುತ್ತದೆ. ಅರ್ಧ ಲೀಟರಿನ ತಪ್ಪುಗಳು ಹುಟ್ಟುವುದು ಹೀಗೆ. ನರ್ಸಿಂಗ್ ಹೋಮಿನವರಾದರೆ ಪಾಳಿ ಬದಲಾಗುವಾಗ ಹಿಂದಿನವರು ಹೇಳಿದ್ದನ್ನು ನಂಬಿ ಬರೆದುಕೊಳ್ಳಬೇಡಿ. ಕೇಸ್ ಶೀಟು ಕೈಯಲ್ಲಿ ಹಿಡಿದು, ಹಾಸಿಗೆಯ ಹತ್ತಿರ ಹೋಗಿ, ಬಗ್ಗಿ, ಗುಂಡನ್ನು ಆರ್ಡರಿನೊಂದಿಗೆ ತಾಳೆ ನೋಡಿ.

ನರ್ಸಿಂಗ್ ಹೋಂ ಎಂಬ ಮಾತಿನ ಬಗ್ಗೆ ಇಲ್ಲೇ ಒಂದು ಮಾತು. ನಮ್ಮಲ್ಲಿ ಅದು ಸಣ್ಣ ಖಾಸಗಿ ಆಸ್ಪತ್ರೆ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಆಗಬೇಕಾದದ್ದು. ಅಮೆರಿಕದಲ್ಲಿ ಅದೇ ಮಾತಿಗೆ ವಯಸ್ಸಾದವರು ವರ್ಷಗಟ್ಟಲೆ ಉಳಿಯುವ ಆರೈಕೆ ಮನೆ ಎಂಬ ಅರ್ಥ. ಅಲ್ಲಿಗೆ ತಪಾಸಣೆಗೆ ಬರುವ ಸರ್ಕಾರಿ ಸಿಬ್ಬಂದಿ ಹಾಸಿಗೆ ಪಕ್ಕದ ಮೀಟರನ್ನೂ ಡಾಕ್ಟರ ಆರ್ಡರನ್ನೂ ಹೋಲಿಸುತ್ತಾರೆ. 2 ಇರಬೇಕಾದಲ್ಲಿ 3 ಇದ್ದರೆ ಲೋಪವೆಂದು ಬರೆದುಕೊಳ್ಳುತ್ತಾರೆ. ನಮ್ಮ ಹಳ್ಳಿಗಳಲ್ಲಿ ಆ ಆರೈಕೆ ಮನೆಯ ಕೆಲಸವನ್ನು ಪಡಸಾಲೆಯ ಮಂಚ ಮಾಡುತ್ತದೆ. ತಪಾಸಣೆಗೆ ಬರುವವರು ಯಾರೂ ಇಲ್ಲ, ನಿಮ್ಮನ್ನು ಬಿಟ್ಟು.

ಆ ಗುಂಯ್‌ಗುಡುವ ಯಂತ್ರದ ಹೆಸರು ಕಾನ್ಸಂಟ್ರೇಟರ್. ಅದು ಆಕ್ಸಿಜನ್ ತಯಾರಿಸುವುದಿಲ್ಲ. ಕೋಣೆಯ ಗಾಳಿಯನ್ನು ಎಳೆದುಕೊಂಡು, ಜಿಯೋಲೈಟ್ ಎಂಬ ಹರಳಿನ ಪುಡಿಯ ಮೂಲಕ ಹಾಯಿಸಿ, ನೈಟ್ರೋಜನ್ನನ್ನು ಹಿಡಿದಿಟ್ಟು ಉಳಿದದ್ದನ್ನು ಕೊಡುತ್ತದೆ. ಹೊರಬರುವ ಗಾಳಿಯಲ್ಲಿ ನೂರಕ್ಕೆ ಸುಮಾರು 93 ಭಾಗ ಆಕ್ಸಿಜನ್. ಅದು ಮೂಗಿನ ಹತ್ತಿರ ಕೋಣೆಯ ಗಾಳಿಯ ಜೊತೆ ಬೆರೆಯುವುದರಿಂದ, 2 ಲೀಟರಿಗೆ ಇಟ್ಟಾಗ ತಾತ ನಿಜವಾಗಿ ಎಳೆದುಕೊಳ್ಳುವುದು ಸುಮಾರು 28 ಭಾಗ. ಯಂತ್ರವನ್ನು ಗೋಡೆಗೆ ಅಂಟಿಸಿ ಇಡಬೇಡಿ, ಸುತ್ತ ಒಂದಡಿ ಜಾಗ ಇರಲಿ. ಹಿಂಬದಿಯ ಜಾಲರಿಯನ್ನು ವಾರಕ್ಕೊಮ್ಮೆ ತೊಳೆದು ಪೂರ್ತಿ ಒಣಗಿಸಿ ಹಾಕಿ. ನಮ್ಮ ಬಯಲುಸೀಮೆಯ ದೂಳಿಗೆ ವಾರವೇ ಹೆಚ್ಚಾದೀತು.

ಮಾಸ್ಕ್ ಬಗ್ಗೆ ಸ್ವಲ್ಪ ಮಾತ್ರ ಹೇಳುತ್ತೇನೆ. ಮುಖ ಮುಚ್ಚುವ ಸಾದಾ ಮಾಸ್ಕನ್ನು 5 ಲೀಟರಿಗಿಂತ ಕಡಿಮೆಗೆ ಬಳಸಬಾರದು. ಬಿಟ್ಟ ಉಸಿರೇ ಒಳಗೆ ಸುಳಿದು ಮತ್ತೆ ಎಳೆದುಕೊಳ್ಳುವಂತಾಗುತ್ತದೆ. ಪ್ರಾಂಗ್ಸ್ ಎಂದು ಬರೆದಲ್ಲಿ 'ಇದು ಚೆನ್ನಾಗಿ ಮುಚ್ಚುತ್ತೆ' ಎಂದು ಮಾಸ್ಕ್ ಹಾಕಬೇಡಿ. ಸಾಧನ ಬದಲಾಯಿತೆಂದರೆ ಔಷಧ ಬದಲಾದಂತೆ.

ಕರೆಂಟು ಹೋದರೆ? ಸಿಲಿಂಡರು ಬೇಕು. ನಮ್ಮ ದೇಶದಲ್ಲಿ ಆಸ್ಪತ್ರೆಯ ಆಕ್ಸಿಜನ್ ಸಿಲಿಂಡರಿನ ಮೈ ಕಪ್ಪು, ಹೆಗಲು ಬಿಳಿ. ಮನೆಗೆ ಕೊಡುವ ಸಣ್ಣದು 'ಬಿ ಟೈಪು': ತುಂಬಿದಾಗ ಸುಮಾರು 1,500 ಲೀಟರು. ನಿಮಿಷಕ್ಕೆ 2 ಲೀಟರಿನಂತೆ 750 ನಿಮಿಷ, ಅಂದರೆ ಹನ್ನೆರಡೂವರೆ ಗಂಟೆ ಬರುತ್ತದೆ. ಸಿಲಿಂಡರಿನ ಒತ್ತಡ ತೋರಿಸುವ ಮುಳ್ಳು ಅರ್ಧಕ್ಕೆ ಇಳಿದರೆ ಆರು ಗಂಟೆ ಚಿಲ್ಲರೆ. ಯಾರೋ ಕರುಣೆಯಿಂದ 6ಕ್ಕೆ ಏರಿಸಿಟ್ಟರೆ ತುಂಬಿದ ಸಿಲಿಂಡರೇ ನಾಲ್ಕು ಗಂಟೆ ಚಿಲ್ಲರೆಯಲ್ಲಿ ಮುಗಿಯುತ್ತದೆ. ರಾತ್ರಿ ಹತ್ತಕ್ಕೆ ಕರೆಂಟು ಹೋಗಿ ಬೆಳಿಗ್ಗೆ ಆರಕ್ಕೆ ಬಂದರೆ ಲೆಕ್ಕ ಏನಾಗುತ್ತದೆ ಎಂದು ನೀವೇ ಹಾಕಿ ನೋಡಿ. ಮನೆಯಲ್ಲಿ ಆಕ್ಸಿಜನ್ ಮೇಲೆ ಇರುವವರಿದ್ದಾರೆ ಎಂದು ಹತ್ತಿರದ ಬೆಸ್ಕಾಂ ಕಚೇರಿಗೆ, ಲೈನ್‌ಮನ್ನಿಗೆ ಮೊದಲೇ ತಿಳಿಸಿಡಿ.

ಆಕ್ಸಿಜನ್ನಿನ ಬೆಲೆ ಏನೆಂದು ಈ ರಾಜ್ಯಕ್ಕೆ 2021ರ ಕೋವಿಡ್ ಕಾಲದಲ್ಲಿ ಗೊತ್ತಾಯಿತು. ಆ ವರ್ಷದ ಮೇ 2–3ರಂದು ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಕ್ಸಿಜನ್ ಅಭಾವದ ನಡುವೆ ಒಂದೇ ದಿನದೊಳಗೆ 24 ಮಂದಿ ತೀರಿಕೊಂಡರು. ಅದೇ ದಿನಗಳಲ್ಲಿ ನಮಗೆ ಹತ್ತಿರದ ತೋರಣಗಲ್ಲಿನಿಂದ ದ್ರವರೂಪದ ಆಕ್ಸಿಜನ್ ಹೊತ್ತ ಟ್ಯಾಂಕರುಗಳು ಆಸ್ಪತ್ರೆಗಳಿಗೆ ಓಡಿದವು. ಉಕ್ಕು ತಯಾರಿಸಲು ಆಕ್ಸಿಜನ್ ಬೇಕು. ಅದಕ್ಕಾಗಿಯೇ ಅಲ್ಲಿನ ಜಿಂದಾಲ್ ಉಕ್ಕಿನ ಕಾರ್ಖಾನೆಯ ಬಳಿ ಗಾಳಿಯನ್ನು ಮೈನಸ್ 183 ಡಿಗ್ರಿಯ ಆಸುಪಾಸಿಗೆ ತಣ್ಣಗೆ ಮಾಡಿ ಆಕ್ಸಿಜನ್ ಬೇರ್ಪಡಿಸುವ ಘಟಕಗಳಿದ್ದವು. ಅಲ್ಲಿಂದಲೇ ಪೈಪು ಎಳೆದು 1,000 ಹಾಸಿಗೆಗಳ ತಾತ್ಕಾಲಿಕ ಆಸ್ಪತ್ರೆ ಕಟ್ಟಿದರು. ಆ ಕಾಲದ ಭಯ ಜನರ ಮನಸ್ಸಿನಲ್ಲಿ ಇನ್ನೂ ಉಳಿದಿದೆ. 'ಜಾಸ್ತಿ ಇದ್ದರೆ ಒಳ್ಳೆಯದು' ಎಂಬ ಮಾತು ಬಹುಮಟ್ಟಿಗೆ ಆ ಭಯದ್ದು.

ಮನೆಯೊಳಗಿನ ಎಚ್ಚರಗಳಿಗೆ ಬರುತ್ತೇನೆ. ಆಕ್ಸಿಜನ್ ತಾನಾಗಿ ಉರಿಯುವುದಿಲ್ಲ. ಉರಿಯುವ ಎಲ್ಲವನ್ನೂ ಜೋರಾಗಿ ಉರಿಸುತ್ತದೆ. ಆದ್ದರಿಂದ ಆ ಕೋಣೆಯಲ್ಲಿ ಬೀಡಿ, ಊದುಬತ್ತಿ, ದೇವರ ದೀಪ ಯಾವುದೂ ಬೇಡ. ದೇವರ ಗೂಡು ಪಡಸಾಲೆಯಲ್ಲೇ ಇದ್ದರೆ ದೇವರನ್ನಲ್ಲ, ತಾತನ ಮಂಚವನ್ನು ಬೇರೆ ಕೋಣೆಗೆ ಸರಿಸಿ. ಆಗ ಅಜ್ಜಿಯೂ ಒಪ್ಪುತ್ತಾರೆ. ಚಳ್ಳಕೆರೆ ಎಣ್ಣೆಗೆ ಹೆಸರಾದ ಊರು, ನಮ್ಮ ಅಡುಗೆಮನೆಯಲ್ಲಿ ಕಡಲೆಕಾಯಿ ಎಣ್ಣೆ ಇಲ್ಲದ ಕೈಯೇ ಇಲ್ಲ. ಆ ಕೈಯಿಂದ ಸಿಲಿಂಡರಿನ ಬಾಯಿ ಮುಟ್ಟಬೇಡಿ: ಒತ್ತಡದ ಆಕ್ಸಿಜನ್ ತಾಗಿದರೆ ಎಣ್ಣೆ ಕಡ್ಡಿ ಗೀರದೆಯೂ ಹೊತ್ತಿಕೊಳ್ಳಬಲ್ಲದು. ಮೂಗು ಒಣಗಿದೆಯೆಂದು ಕೊಬ್ಬರಿ ಎಣ್ಣೆ, ವ್ಯಾಸಲೀನ್ ಹಚ್ಚಬೇಡಿ, ನೀರಿನಂಶದ ಜೆಲ್ ಎಂದು ಕೇಳಿ ತನ್ನಿ. ಚಳ್ಳಕೆರೆಯ ಕಂಬಳಿಯ ಮೇಲೆ ನನಗೂ ಪ್ರೀತಿ ಇದೆ. ಆದರೆ ಉಣ್ಣೆ, ಪಾಲಿಯೆಸ್ಟರ್ ತಿಕ್ಕಾಡಿದಾಗ ಕಿಡಿ ಹಾರುತ್ತದೆ. ಆಕ್ಸಿಜನ್ ಹಾಕಿಕೊಂಡವರಿಗೆ ಹತ್ತಿಯ ದುಪ್ಪಟಿ ಇರಲಿ. ಪೈಪಿನ ನಡುವೆ ಇರುವ ಗುಳ್ಳೆ ಬರುವ ಬಾಟಲಿ, ಅಂದರೆ ಹ್ಯುಮಿಡಿಫೈಯರ್, ಗಾಳಿಗೆ ತೇವ ಕೊಡಲು. ಅದಕ್ಕೆ ಬೋರ್‌ವೆಲ್ ನೀರು ಬೇಡ. ಡಿಸ್ಟಿಲ್ಡ್ ವಾಟರ್ ಹಾಕಿ, ಸಿಗದಿದ್ದರೆ ಕುದಿಸಿ ಆರಿಸಿದ ನೀರು. ದಿನವೂ ಬದಲಿಸಿ.

ಒಂದು ದಿನ ಬೆರಳಿನ ಮೀಟರು 84 ತೋರಿಸುತ್ತದೆ. ಕೈ ತಾನಾಗಿ ಫ್ಲೋ ಮೀಟರಿನ ತಿರುಪಿನ ಕಡೆ ಹೋಗುತ್ತದೆ. ತಡೆಯಿರಿ. ಮೊದಲು ತಾತನ ಮುಖ ನೋಡಿ, ಮಾತಾಡಿಸಿ. ಬೆರಳು ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿ. ಉಗುರಿಗೆ ಬಣ್ಣ ಇದ್ದರೆ ಬೇರೆ ಬೆರಳಿಗೆ ಹಾಕಿ. ಚರ್ಮ ಕಪ್ಪಗಿರುವವರಲ್ಲಿ ಈ ಮೀಟರು ಕೆಲವೊಮ್ಮೆ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ ಎಂಬುದೂ ನೆನಪಿರಲಿ. ಆಮೇಲೆ ಮೂಗಿನಿಂದ ಯಂತ್ರದವರೆಗೆ ಪೈಪಿನ ಮೇಲೆ ಕೈಯಾಡಿಸುತ್ತ ಹೋಗಿ. ಮಂಚದ ಕಾಲಿನಡಿ ಸಿಕ್ಕಿದೆಯೇ, ಮಡಿಸಿಕೊಂಡಿದೆಯೇ, ಬಾಟಲಿಯ ಮುಚ್ಚಳ ಸಡಿಲವೇ? ಅನುಮಾನವಿದ್ದರೆ ಪ್ರಾಂಗ್ಸನ್ನು ಲೋಟದ ನೀರಿನಲ್ಲಿ ಅದ್ದಿ ನೋಡಿ; ಗುಳ್ಳೆ ಬಂದರೆ ಗಾಳಿ ಬರುತ್ತಿದೆ. ನಾನು ಕಂಡ ಇಂಥ ಗಾಬರಿಗಳಲ್ಲಿ ಅರ್ಧಕ್ಕರ್ಧ ಪೈಪಿನ ಗಾಬರಿಗಳೇ. ಎಲ್ಲ ಸರಿಯಿದ್ದೂ ಅಂಕಿ ಗುರಿಗಿಂತ ಕೆಳಗೇ ನಿಂತರೆ ಡಾಕ್ಟರಿಗೆ ಫೋನು ಮಾಡಿ. ತುಟಿ ನೀಲಿಗಟ್ಟಿದರೆ, ಮಾತು ತೊದಲಿದರೆ, ಎಬ್ಬಿಸಿದರೂ ಏಳದಿದ್ದರೆ ಕಾಯಬೇಡಿ, 108ಕ್ಕೆ ಕರೆ ಮಾಡಿ. ಅಂಕಿ ಸರಿಯಿದ್ದೂ ಏದುಸಿರು ಇದ್ದರೆ ಅದು ಆಕ್ಸಿಜನ್ನಿನ ಕೊರತೆಯಲ್ಲದಿರಬಹುದು; ಮುಂದಕ್ಕೆ ಬಾಗಿ ಕೂರಿಸಿ, ಮುಖಕ್ಕೆ ಬೀಸಣಿಗೆ ಬೀಸಿ. ಬೀಸಣಿಗೆಯಿಂದ ಏದುಸಿರಿನ ಸಂಕಟ ತಗ್ಗುತ್ತದೆ ಎಂಬುದು ಪರೀಕ್ಷಿಸಿ ಕಂಡುಕೊಂಡ ಸಂಗತಿ.

ನರ್ಸಿಂಗ್ ಹೋಮಿನಲ್ಲಿರುವ ನಿಮಗೆ ಇದಕ್ಕೆ ಎರಡು ಮಾತು ಸೇರಿಸುತ್ತೇನೆ. ರೋಗಿ ಕಣ್ಣೆದುರೇ ಕುಸಿಯುತ್ತಿದ್ದರೆ ಆರ್ಡರಿಗಾಗಿ ಕಾಯಬಾರದು. ಆಕ್ಸಿಜನ್ ಹಾಕಿ, ಕೂಡಲೇ ಡಾಕ್ಟರನ್ನು ಕರೆಸಿ, ಎಷ್ಟು ಗಂಟೆಗೆ ಏನು ಮಾಡಿದಿರೆಂದು ಬರೆಯಿರಿ. ಮತ್ತೆ, ಡಾಕ್ಟರು ಫೋನಿನಲ್ಲಿ 'ಮೂರಕ್ಕೆ ಮಾಡಮ್ಮ' ಎಂದರೆ, ಬರೆದುಕೊಂಡು ಅವರಿಗೇ ತಿರುಗಿ ಓದಿ ಹೇಳಿ, ಬಂದ ಕೂಡಲೇ ಸಹಿ ಹಾಕಿಸಿಕೊಳ್ಳಿ. 'ಎಸ್‌ಒಎಸ್' ಎಂದು ಬರೆದಿದ್ದರೆ ಬೇಕಾದಾಗ ಮಾತ್ರ ಎಂದರ್ಥ. ಬೇಕಾಯಿತು ಎಂದು ಯಾವ ಅಂಕಿಗೆ ತಿಳಿಯಬೇಕು ಎಂದು ಕೇಳಿ.

ಇಷ್ಟು ಹೊತ್ತು ಹೆಚ್ಚಿಸುವ ತಪ್ಪನ್ನೇ ಹೇಳಿದೆ. ಮನೆಗಳಲ್ಲಿ ಇನ್ನೂ ಹೆಚ್ಚಾಗಿ ನಡೆಯುವುದು ಕಡಿಮೆ ಮಾಡುವ ತಪ್ಪು. 'ಅಭ್ಯಾಸ ಆಗಿಬಿಡುತ್ತೆ, ಆಮೇಲೆ ಬಿಡೋಕೆ ಆಗಲ್ಲ' ಎಂದು ಹಗಲೆಲ್ಲ ಆರಿಸಿಡುತ್ತಾರೆ. ಬಂದ ನೆಂಟರು 'ಆಕ್ಸಿಜನ್ ಹಾಕಿದಾರೆ ಅಂದ್ರೆ ಮುಗೀತು' ಎಂದು ಕಣ್ಣೊರೆಸಿಕೊಂಡರೆ ತಾತನೇ ಪೈಪು ಕಿತ್ತು ಹಾಕುತ್ತಾರೆ. ಆಕ್ಸಿಜನ್ ಚಟವಲ್ಲ, ಅಂತ್ಯದ ಗುರುತೂ ಅಲ್ಲ. ಬ್ರಿಟನ್ನಿನಲ್ಲಿ ನಡೆದು 1981ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ರಕ್ತದಲ್ಲಿ ಆಕ್ಸಿಜನ್ ತೀರ ಕಡಿಮೆಯಿದ್ದ 87 ಸಿಒಪಿಡಿ ರೋಗಿಗಳಿದ್ದರು. ದಿನಕ್ಕೆ 15 ಗಂಟೆ ಆಕ್ಸಿಜನ್ ಪಡೆದ 42 ಜನರಲ್ಲಿ ಐದು ವರ್ಷದಲ್ಲಿ 19 ಮಂದಿ ತೀರಿಕೊಂಡರು. ಪಡೆಯದ 45 ಜನರಲ್ಲಿ 30 ಮಂದಿ. 16 ಗಂಟೆ ಎಂದು ಬರೆಯುವುದರ ಹಿಂದೆ ಇದಿದೆ. ನಿದ್ದೆಯ ಎಂಟು ಗಂಟೆ ಸೇರಿಸಿಕೊಂಡರೆ ಹಗಲು ಎಂಟೇ ಗಂಟೆ ಉಳಿಯುತ್ತದೆ; ಟಿ.ವಿ. ನೋಡುವಾಗ, ಊಟದ ಹೊತ್ತಿಗೆ, ಮಧ್ಯಾಹ್ನದ ಜೊಂಪಿಗೆ ಹಂಚಿಬಿಡಿ. ಇನ್ನೊಂದು ಕಾರಣ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ಕರೆಂಟು ಬಿಲ್ಲು. 350 ವ್ಯಾಟಿನ ಯಂತ್ರ 16 ಗಂಟೆ ಓಡಿದರೆ ದಿನಕ್ಕೆ ಐದೂವರೆ ಯೂನಿಟ್ಟಿನ ಮೇಲೆ, ತಿಂಗಳಿಗೆ ಸುಮಾರು 170. ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆಯ ಲೆಕ್ಕ ತಪ್ಪೀತು. ಬಿಲ್ಲಿನ ಕಷ್ಟವಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ; ಗುಟ್ಟಾಗಿ ಗಂಟೆ ಕಡಿಮೆ ಮಾಡಿ, ಚೀಟಿಯಲ್ಲಿರುವಂತೆ 16 ಗಂಟೆ ಹಾಕುತ್ತಿದ್ದೇವೆಂದು ಹೇಳಿದರೆ ಅವರು ತಪ್ಪು ಲೆಕ್ಕದ ಮೇಲೆ ಮುಂದಿನ ಔಷಧ ಬರೆಯುತ್ತಾರೆ.

ಒಂದು ನೂರು ಪುಟದ ಪುಸ್ತಕ ತನ್ನಿ. ಬೆಳಿಗ್ಗೆ, ಸಂಜೆ, ಮಲಗುವ ಮುಂಚೆ ಸ್ಯಾಚುರೇಷನ್, ನಾಡಿ, ಲೀಟರು ಬರೆದಿಡಿ. ಎಷ್ಟು ಗಂಟೆ ಹಾಕಿದಿರೆಂದು ಕೊನೆಗೆ ಸೇರಿಸಿ. ಎರಡು ಮೂರು ತಿಂಗಳ ಮೇಲೆ ಅದನ್ನು ಹಿಡಿದುಕೊಂಡು ಬಳ್ಳಾರಿಗೆ ಹೋಗಿ. ಆಸ್ಪತ್ರೆಯಿಂದ ಬರುವಾಗ ಆಕ್ಸಿಜನ್ ಬೇಕಿದ್ದ ಹಲವರಿಗೆ ಆ ಹೊತ್ತಿಗೆ ಅದು ಬೇಡವಾಗಿರುತ್ತದೆ. ಹಾಗಾದರೆ ಡಾಕ್ಟರೇ ನೋಡಿ ನಿಲ್ಲಿಸುತ್ತಾರೆ. ಅದಕ್ಕೂ ಚೀಟಿಯಲ್ಲಿ ಒಂದು ಸಾಲು ಬರೆಸಿಕೊಂಡು ಬನ್ನಿ.